ಮುಪ್ಪಿನ ಸಂಶೋಧನೆಗೆ ಫೆಲೋಶಿಪ್ ಪಡೆಯುವುದು ಹೇಗೆ?

ಹಿರಿಯರ ಬದುಕಿನ ಬಗ್ಗೆ ಸಂಶೋಧನೆ ಮಾಡಬಯಸುವ ಕೊಡಗಿನ ವಿದ್ಯಾರ್ಥಿಗಳು ‘ವೃದ್ಧಾಪ್ಯ’ ಎಂಬ ಹೆಸರು ಹೊತ್ತ ವಿದ್ಯಾರ್ಥಿವೇತನವನ್ನೇ ಹುಡುಕುತ್ತ ಕೂರಬೇಕಿಲ್ಲ. ಎಲ್ಲ ವಿಷಯಗಳಿಗೂ ಸಿಗುವ ಫೆಲೋಶಿಪ್ ಹಣವನ್ನೇ ಮುಪ್ಪಿನ ಅಧ್ಯಯನಕ್ಕೆ ಬಳಸಿಕೊಳ್ಳಬಹುದು.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿ. ‘ಕೊಡಗಿನ ಹಿರಿಯರ ಸಮಸ್ಯೆಗಳು’ ಎಂಬುದು ಭಾಷಣದ ವಿಷಯವಾದೀತೇ ಹೊರತು ಸಂಶೋಧನೆಯದಲ್ಲ. ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಉಳಿದ ದಂಪತಿ, ಮಳೆಗೆ ರಸ್ತೆ ಕಡಿದುಹೋದ ದಿನಗಳಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಹೇಗೆ ತರಿಸಿಕೊಳ್ಳುತ್ತಾರೆ? ದುಡಿಯುವ ಶಕ್ತಿ ಕುಂದಿದ ಕಾರ್ಮಿಕರಿಗೆ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಆಸರೆ ಎಷ್ಟು ಕಾಲ ಉಳಿಯುತ್ತದೆ? ಇವು ಸಂಶೋಧನೆಯ ಪ್ರಶ್ನೆಗಳು.

ಬಳಿಕ ಹಿನ್ನೆಲೆಯ ಅಂಕಿಅಂಶ ಬೇಕು. 2017–18ರಲ್ಲಿ ನಡೆದ ‘ಲಾಸಿ’ (ಭಾರತದ ಹಿರಿಯರ ಬದುಕು, ಆರೋಗ್ಯ ಕುರಿತ ರಾಷ್ಟ್ರೀಯ) ಸಮೀಕ್ಷೆಯ ಮೊದಲ ಸುತ್ತು 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದೆ. ಸಂಶೋಧಕರು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಿಂದ ಅದರ ದತ್ತಾಂಶವನ್ನು ಕೋರಿ ಪಡೆಯಬಹುದು. ಅದು ರಾಜ್ಯಮಟ್ಟದ ಚಿತ್ರವನ್ನು ಕೊಡುತ್ತದೆ, ಜಿಲ್ಲೆಯದನ್ನಲ್ಲ. ಕೊಡಗಿನಲ್ಲೇ ಅಧ್ಯಯನ ಏಕೆ ನಡೆಯಬೇಕೆಂಬುದಕ್ಕೆ ಪ್ರಸ್ತಾವದಲ್ಲಿ ಈ ಕೊರತೆಯನ್ನೇ ಕಾರಣವಾಗಿ ಬರೆಯಿರಿ.

ಸಮಾಜಶಾಸ್ತ್ರ, ಸಮಾಜಕಾರ್ಯ, ಮನಶ್ಶಾಸ್ತ್ರ ಓದಿದವರು ಯುಜಿಸಿ–ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಗಳಿಸಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ದೊರೆಯುತ್ತದೆ. ಈಗಾಗಲೇ ಪಿಎಚ್‌ಡಿಗೆ ನೋಂದಾಯಿಸಿದ ಸಮಾಜವಿಜ್ಞಾನದವರು ಐಸಿಎಸ್‌ಎಸ್‌ಆರ್‌ (ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್‌ಗೂ, ಜೀವವಿಜ್ಞಾನದವರು ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಅಥವಾ ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಫೆಲೋಶಿಪ್‌ಗೂ ಅರ್ಜಿ ಹಾಕಬಹುದು.

ಅರ್ಜಿದಾರರು ಎಡವುವುದು ಕ್ಷೇತ್ರಕಾರ್ಯದ ಯೋಜನೆಯಲ್ಲಿ. ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆಗೆ ತಗಲುವ ಸಮಯವನ್ನು ಲೆಕ್ಕಕ್ಕೆ ಸೇರಿಸಿ. ಸಂದರ್ಶನ ಕೊಡುವ ಹಿರಿಯರ ಒಪ್ಪಿಗೆ ಪತ್ರವನ್ನು ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಲ್ಲಿ ಓದಿ ಹೇಳುವವರು ಯಾರು, ಓದುಬರಹವಿಲ್ಲದವರು ಹೆಬ್ಬೆರಳೊತ್ತುವಾಗ ನಿಷ್ಪಕ್ಷಪಾತ ಸಾಕ್ಷಿ ಯಾರು ಎಂಬುದನ್ನು ಮೊದಲೇ ಬರೆದಿಡಿ. ಹಾಡಿಯ (ಬುಡಕಟ್ಟು ಜನರ ವಸತಿಯ) ಹಿರಿಯರಲ್ಲಿ ಹಲವರ ಬಳಿ ಜನ್ಮದಾಖಲೆ ಇರುವುದಿಲ್ಲ. ‘ನಿಮ್ಮ ವಯಸ್ಸೆಷ್ಟು?’ ಎಂದು ನೇರವಾಗಿ ಕೇಳುವುದಕ್ಕಿಂತ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಕಾಲಕ್ಕೆ ದನ ಕಾಯುತ್ತಿದ್ದಿರಾ, ಆಗಲೇ ಮದುವೆಯಾಗಿತ್ತೇ ಎಂದು ವಿಚಾರಿಸಿದರೆ ಸತ್ಯಕ್ಕೆ ಹತ್ತಿರದ ಉತ್ತರ ಸಿಗುತ್ತದೆ.

ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳ) ಮಳೆಯಲ್ಲಿ ಸಂದರ್ಶನ ಇಟ್ಟುಕೊಳ್ಳಬೇಡಿ. ಕಾಫಿ ಕುಯ್ಲಿನ ಡಿಸೆಂಬರ್–ಜನವರಿಯಲ್ಲಿ ಲೈನ್‌ಮನೆಯ ಅಜ್ಜಿಯರೂ ತೋಟದಲ್ಲೇ ಇರುವುದರಿಂದ ಅವರನ್ನು ಸಂಜೆ ಕಾಣಿರಿ, ಬಜೆಟ್‌ನಲ್ಲಿ ಜೀಪಿನ ಬಾಡಿಗೆಯನ್ನೂ ಸೇರಿಸಿ.