ಬಿರು ಬಿಸಿಲು, ಬತ್ತಿದ ಬೋರು: ಇರೋ ನೀರಲ್ಲೇ ಬೇಸಿಗೆ ದಾಟೋದು ಹೇಗೆ

ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ ಕಡೆ ಏಪ್ರಿಲ್-ಮೇ ಅಂದ್ರೆ 41-42 ಡಿಗ್ರಿ ಮಾಮೂಲು, ಅದರ ಮೇಲೂ ಹೋಗುತ್ತೆ. ಟೀವಿಯಲ್ಲಿ ಹೇಳೋ ಆ ಲೆಕ್ಕ ನೆರಳಲ್ಲಿ, ಗಾಳಿಯಾಡೋ ಬಿಳಿ ಪೆಟ್ಟಿಗೆ ಒಳಗಿಟ್ಟ ಥರ್ಮಾಮೀಟರ್‌ದು, ಹೊಲದಲ್ಲಿ ನಿಂತವರ ನೆತ್ತಿಗೆ ಬಡಿಯೋದು ಅದಕ್ಕಿಂತ ಎಷ್ಟೋ ಜಾಸ್ತಿ. ಇದರ ಜೊತೆ ಬರಾನೂ ಬಂದ್ರೆ ಕಥೆನೇ ಬೇರೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು, ಅದರ ಹಿಂದೆನೇ 2024ರ ಬೇಸಿಗೆ ಬಂತು, ಆಗ ನೋಡಿದ್ವಲ್ಲ. ಜಾಸ್ತಿ ನೀರು ಕುಡೀರಿ, ದಿನಕ್ಕೆ ಎರಡು ಸಲ ಸ್ನಾನ ಮಾಡಿ ಅನ್ನೋ ಸಲಹೆ ಸರಿನೇ, ಆದ್ರೆ ನಲ್ಲಿ ವಾರಕ್ಕೊಮ್ಮೆ ಬರೋ ಓಣಿಗೆ ಅಷ್ಟು ಹೇಳಿದ್ರೆ ಸಾಲಲ್ಲ. ಮನೇಲಿ ನಾಲ್ಕೇ ಕೊಡ ನೀರಿದ್ರೆ ಯಾವುದಕ್ಕೆ ಮೊದಲು ಹಾಕ್ಬೇಕು ಅನ್ನೋದು ಗೊತ್ತಿರಬೇಕು.

ನನ್ನ ಲೆಕ್ಕ ಹೀಗಿದೆ: ಮೊದಲು ಹೊಟ್ಟೆಗೆ, ದನದ ಹೊಟ್ಟೆನೂ ಸೇರಿಸಿ. ಎರಡನೇದು ಮೈಗೆ. ಪಾತ್ರೆ, ಬಟ್ಟೆ, ನೆಲ, ಗಾಡಿ ಎಲ್ಲ ಅದಾದ ಮೇಲೆ. ಎರಡನೇದನ್ನ ಬಹಳ ಜನ ಮರೀತಾರೆ, ಅದಕ್ಕೇ ಇಷ್ಟು ಬರೀತಿರೋದು.

ಕೆಲಸದ ಟೈಮ್

ನೀರು ಉಳಿಸೋಕೆ ಎಲ್ಲಕ್ಕಿಂತ ದೊಡ್ಡ ದಾರಿ ಬೆವರು ಉಳಿಸೋದು. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಯಲ್ಲಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಇಳಿಸ್ತಾರೆ, ಫ್ಯಾನ್ ಕೆಳಗೆ ಕೂತವರಿಗೇ ಹಂಗಿದ್ರೆ ಹೊಲದಲ್ಲಿ, ಸೈಟ್‌ನಲ್ಲಿ, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರೋರಿಗೆ ಇನ್ನೆಷ್ಟು ಬೇಕು ಹೇಳಿ. ಬೆಳಕು ಹರಿಯೋ ಮುಂಚೆ ಶುರು ಮಾಡಿ, 11ಕ್ಕೆ ಮುಗಿಸಿ, ಮತ್ತೆ ಬೇಕಿದ್ರೆ ಸಂಜೆ 4ರ ಮೇಲೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ನಮ್ಮ ಕಡೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿ ಕೊಡ್ತಾರೆ, ಕೆಲಸದ ಜಾಗದಲ್ಲಿ ನೆರಳು, ಕುಡಿಯೋ ನೀರು ಇರಲೇಬೇಕು ಅನ್ನೋ ನಿಯಮನೂ ಇದೆ, ಪಂಚಾಯ್ತಿಯಲ್ಲಿ ಕೇಳಿ ತಗೊಳ್ಳಿ, ಅದು ಯಾರೂ ಮಾಡೋ ಉಪಕಾರ ಅಲ್ಲ.

ಇನ್ನೊಂದು ಮಾತು, ಬೆಂಗಳೂರು ಪುಣೆ ಕಡೆಯಿಂದ ಜಾತ್ರೆಗೋ ಮದುವೆಗೋ ಊರಿಗೆ ಬಂದವರ ಬಗ್ಗೆ. ಮೈ ಬಿಸಿಲಿಗೆ ಒಗ್ಗೋಕೆ ಒಂದೆರಡು ವಾರ ಬೇಕು. ಹುಟ್ಟಿ ಬೆಳೆದ ಊರೇ ಇರಬಹುದು, ಆದ್ರೆ ವರ್ಷಗಟ್ಟಲೆ ಬೆಂಗಳೂರಲ್ಲಿದ್ದ ಮೈ ಅದನ್ನ ಮರೆತಿರುತ್ತೆ, ಬಂದ ದಿನಾನೇ ಅಣ್ತಮ್ಮಂದಿರ ಸಮಕ್ಕೆ ಪೆಂಡಾಲ್ ಹಾಕೋಕೆ ನಿಲ್ಲಬೇಡಿ. ಹೊಸದಾಗಿ ಸೈಟ್ ಕೆಲಸಕ್ಕೆ ಸೇರಿದ ಹುಡುಗರಿಗೂ ಇದೇ, ಮೊದಲ ನಾಲ್ಕೈದು ದಿನ ಕೆಲಸ ಸ್ವಲ್ಪ ಸ್ವಲ್ಪನೇ ಏರಿಸ್ಬೇಕು, ಮೇಸ್ತ್ರಿಗಳು ದಯವಿಟ್ಟು ಇದನ್ನ ನೆನಪಿಡಿ.

ಹೊಟ್ಟೆಗೆ ಹೋಗೋ ನೀರು

ಬಿಸಿಲಲ್ಲಿ ದುಡಿಯೋರಿಗೆ ಗಂಟೆಗೆ ಮುಕ್ಕಾಲು ಲೀಟರ್‌ನಿಂದ ಒಂದು ಲೀಟರ್ ಬೇಕು, ಅದೂ ಒಂದೇ ಸಲ ಗಟಗಟ ಅಲ್ಲ, 15-20 ನಿಮಿಷಕ್ಕೊಮ್ಮೆ ಒಂದು ಲೋಟ. ಬಾಯಾರಿಕೆ ಆಗ್ಲಿ ಅಂತ ಕಾಯಬೇಡಿ. ಮೂತ್ರ ದಟ್ಟ ಹಳದಿ ಇದ್ರೆ ನೀರು ಸಾಲ್ತಿಲ್ಲ ಅಂತಾನೇ ಅರ್ಥ. ಹೆಣ್ಮಕ್ಕಳು ಬಯಲಲ್ಲಿ ಮೂತ್ರಕ್ಕೆ ಜಾಗ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡ್ತಾರೆ, ಯಾರೂ ಬಾಯಿ ಬಿಟ್ಟು ಹೇಳಲ್ಲ, ಕೆಲಸ ಕೊಡೋರು ನಾಲ್ಕು ಕೋಲು ಒಂದು ಹಳೇ ಸೀರೆ ಕಟ್ಟಿ ಮರೆ ಮಾಡಿಕೊಟ್ರೂ ಸಾಕು, ಅಷ್ಟರಲ್ಲೇ ಒಂದು ಜೀವ ಉಳೀಬಹುದು.

ಬರೀ ನೀರು ಕುಡಿದ್ರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರಲ್ಲ. ಮಜ್ಜಿಗೆಗೆ ಉಪ್ಪು ಹಾಕಿ, ಜೋಳದ ಅಂಬಲಿ, ನಿಂಬೆಹಣ್ಣಿನ ಶರಬತ್ತಿಗೆ ಚಿಟಿಕೆ ಉಪ್ಪು, ಇವೇ ನಮಗೆ ಬೇಕಾಗಿರೋದು. ಬಹಳ ಬೆವರಿದ್ರೆ, ವಾಂತಿ ಭೇದಿ ಆದ್ರೆ ಓಆರ್‌ಎಸ್: ಒಂದು ಲೀಟರಿನ ಪ್ಯಾಕೆಟ್‌ನ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ, ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಸುರಿಯೋದು ಮಕ್ಕಳಿಗೆ ಅಪಾಯ. ಕಲಸಿದ್ದು 24 ಗಂಟೆ ಮಾತ್ರ. ಪ್ಯಾಕೆಟ್ ಸಿಗದೇ ಇದ್ರೆ ಒಂದು ಲೀಟರ್ ಶುದ್ಧ ನೀರಿಗೆ ತಲೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಡಬ್ಬಿ ಜ್ಯೂಸ್ ಮೇಲೆ ಓಆರ್‌ಎಸ್ ಅಂತ ಬರೆದು ಮಾರ್ತಿದ್ರು, ಅದರಲ್ಲಿ ಸಕ್ಕರೆ ವಿಪರೀತ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹಂಗೆ ಹೆಸರಿಡೋದನ್ನೇ ನಿಲ್ಲಿಸ್ತು. ಮೆಡಿಕಲ್‌ನಲ್ಲಿ ಡಬ್ಲ್ಯುಎಚ್‌ಒ ಫಾರ್ಮುಲಾದ ಪುಡಿ ಪ್ಯಾಕೆಟ್ ಅಂತಾನೇ ಕೇಳಿ, ಆಶಾ ಕಾರ್ಯಕರ್ತೆಯರ ಹತ್ರ, ಪಿಎಚ್‌ಸಿಯಲ್ಲಿ ಪುಕ್ಕಟೆ ಸಿಗುತ್ತೆ.

ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಬಿಸಿಲಿದ್ರೂ ಎದೆಹಾಲು ಸಾಕು, ನೀರು ಕುಡಿಸೋದು ಬೇಡ. ಮತ್ತೆ ಮತ್ತೆ ಹಾಲೂಡಿಸಿ, ನೀರು ಬೇಕಾಗಿರೋದು ತಾಯಿಗೆ. ಹಾರ್ಟ್, ಕಿಡ್ನಿ ತೊಂದ್ರೆಗೆ ನೀರು ಅಳತೆ ಮಾಡಿ ಕುಡೀರಿ ಅಂತ ಡಾಕ್ಟರ್ ಹೇಳಿರೋರು, ಬಿಪಿಗೆ ಮೂತ್ರ ಹೋಗೋ ಮಾತ್ರೆ ತಗೊಳ್ಳೋರು, ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳೋರು ಬೇಸಿಗೆ ಶುರುವಲ್ಲೇ ಒಂದ್ಸಲ ಡಾಕ್ಟರ್ ಹತ್ರ ಕೇಳ್ಕೊಂಡು ಬನ್ನಿ, ಇವುಗಳಲ್ಲಿ ಕೆಲವು ಮಾತ್ರೆ ಮೈಗೆ ಬಿಸಿಲು ತಡೆಯೋ ಶಕ್ತಿ ಕಮ್ಮಿ ಮಾಡ್ತವೆ. ನೀವೇ ನಿಲ್ಲಿಸೋಕೆ ಮಾತ್ರ ಹೋಗಬೇಡಿ.

ಮೈಗೆ ಹಾಕೋ ನೀರು

ನಮ್ಮ ಬಯಲುಸೀಮೆ ಬಿಸಿಲು ಒಣ ಬಿಸಿಲು, ಅದೊಂದು ನಮ್ಮ ಪುಣ್ಯ. ಮೈಮೇಲಿನ ನೀರು ಬೇಗ ಆರುತ್ತೆ, ಆರೋವಾಗ ಮೈಯಿನ ಕಾವನ್ನೂ ಎಳ್ಕೊಂಡು ಹೋಗುತ್ತೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ಒದ್ದೆ ಇರೋದ್ರಿಂದ ಇದು ಅಷ್ಟು ನಡೆಯಲ್ಲ. ಅದಕ್ಕೇ ಒಂದು ಬಕೆಟ್ ಸ್ನಾನಕ್ಕಿಂತ ಒಂದು ತಂಬಿಗೆ ನೀರು ನಾಲ್ಕು ಸಲ ಮೈಗೆ ಹಚ್ಚೋದು ಹೆಚ್ಚು ಕೆಲಸಕ್ಕೆ ಬರುತ್ತೆ. ಹೀಗೆ ಮಾಡಿ: ಹತ್ತಿ ಟವೆಲ್ಲೋ ಪಂಜೆಯ ತುಂಡೋ ಒದ್ದೆ ಮಾಡಿ ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಕುತ್ತಿಗೆ, ಮುಂಗೈ, ಎದೆ, ಪಾದ ಒರೆಸ್ಕೊಳ್ಳಿ, ಒಣಗಿಸಬೇಡಿ, ಹಂಗೇ ಗಾಳಿಗೆ ಕೂತ್ಕೊಳ್ಳಿ. ಕರೆಂಟ್ ಇಲ್ಲಾಂದ್ರೆ ಬೀಸಣಿಗೆ. ರಾತ್ರಿ ಮಲಗೋ ಮುಂಚೆ ಬನಿಯನ್ ಒದ್ದೆ ಮಾಡಿ ಹಾಕ್ಕೊಂಡ್ರೂ ಆಗುತ್ತೆ, ವಯಸ್ಸಾದವರಿಗೆ ಇದು ಬಹಳ ಹಿಡಿಸುತ್ತೆ.

ಒಣ ಮೈಗೆ ಬರೀ ಫ್ಯಾನ್ ಹಾಕಿ ಕೂತ್ರೆ ಮಾತ್ರ ಹುಷಾರು. ರೂಮಿನ ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಒಲೆ ಬಾಯಿಯ ಗಾಳಿನೇ ಮೈಗೆ ತಂದು ಬಡಿಯುತ್ತೆ, ಮೈ ತಂಪಾಗೋ ಬದಲು ಕಾಯುತ್ತೆ. ಅದಕ್ಕೇ ಫ್ಯಾನ್ ಜೊತೆ ಒದ್ದೆ ಬಟ್ಟೆ ಇರಲೇಬೇಕು. ಕೂಲರ್ ಇರೋರು ಎದುರಿನ ಒಂದು ಕಿಟಕಿ ತೆಗೆದಿಡಿ, ಎಲ್ಲಾ ಮುಚ್ಚಿದ್ರೆ ರೂಮೆಲ್ಲ ಜಿಗಿಜಿಗಿ ಆಗಿ ತಂಪೇ ಆಗಲ್ಲ.

ಮನೆ

ಪತ್ರಾಸ್ (ತಗಡಿನ) ಮನೆಯವರ ಕಷ್ಟ ಹೇಳತೀರದು. ತಗಡಿನ ಮೇಲೆ, ಆರ್‌ಸಿಸಿ ಮೇಲೆ ಬಿಳಿ ಸುಣ್ಣ ಎರಡು ಕೋಟ್ ಹೊಡೀರಿ, ಅಂಟಿಕೊಳ್ಳಲಿ ಅಂತ ಸ್ವಲ್ಪ ಫೆವಿಕಾಲ್ ಕಲಸ್ತಾರೆ, ಖರ್ಚು ಕಮ್ಮಿ, ಒಳಗೆ ಕೂತಾಗ ವ್ಯತ್ಯಾಸ ಗೊತ್ತಾಗುತ್ತೆ. ತಗಡಿನ ಮೇಲೆ ಜೋಳದ ಕಣಿಕೆ ಹರವೋ ರೂಢಿ ಇದೆ, ತಂಪೇನೋ ಹೌದು, ಆದ್ರೆ ಒಲೆ ಕಿಡಿನೋ ಕರೆಂಟ್ ವೈರಿನ ಕಿಡಿನೋ ತಾಗಿದ್ರೆ ಓಣಿನೇ ಹೋಗುತ್ತೆ, ಅದರ ಬದಲು ತಗಡಿನ ಕೆಳಗೆ ಒಂದು ಮೊಳ ಬಿಟ್ಟು ಹಳೇ ಸೀರೆಗಳನ್ನ ಬಿಗಿಯಾಗಿ ಕಟ್ಟಿ, ಒಲೆಯಿಂದ ದೂರ ಇರೋ ಕಡೆ. ಬಿಸಿಲು ಬೀಳೋ ಕಿಟಕಿಗೆ ಹೊರಗಡೆಯಿಂದ ಮರೆ ಮಾಡಿ, ಒಳಗಿನ ಪರದೆ ಅಷ್ಟು ಕೆಲಸ ಮಾಡಲ್ಲ. ಬೆಳಿಗ್ಗೆ 9ಕ್ಕೆ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲಾ ತೆಗೀರಿ. ರಾತ್ರಿ ಮೈ ತಂಪಾಗ್ದೆ ಇದ್ರೆ ಮರುದಿನದ ಬಿಸಿಲು ಡಬಲ್ ಹೊಡೆಯುತ್ತೆ, ಹಂಗಾಗಿ ಹೊರಗೆ ಮಲಗೋದು ಒಳ್ಳೇದೇ, ಆದ್ರೆ ನೆಲದ ಮೇಲೆ ಬೇಡ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನೇ ಕಚ್ಚೋದು ಜಾಸ್ತಿ, ಎಷ್ಟೋ ಸಲ ಕಚ್ಚಿದ್ದು ನೋವೂ ಆಗಲ್ಲ. ಹೊರಸು ಹಾಕಿ, ಸೊಳ್ಳೆ ಪರದೆ ಕಟ್ಟಿ ಅದರ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ.

ಇನ್ಸುಲಿನ್ ತಗೊಳ್ಳೋರ ಮನೇಲಿ ಫ್ರಿಜ್ ಇಲ್ಲ, ಇದ್ರೂ ಕರೆಂಟ್ ಇಲ್ಲ ಅಂದ್ರೆ ಎರಡು ಮಡಕೆ ಸಾಕು. ದೊಡ್ಡ ಮಡಕೆಗೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಕೂರಿಸಿ, ನಡುವಿನ ಮರಳು ಒದ್ದೆ ಇಡಿ, ಇನ್ಸುಲಿನ್ ಬಾಟಲಿನ ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಚಿಕ್ಕದರೊಳಗೆ ಇಟ್ಟು ಒದ್ದೆ ಬಟ್ಟೆ ಮುಚ್ಚಿ, ನೆರಳು, ಗಾಳಿ ಇರೋ ಮೂಲೆಯಲ್ಲಿಡಿ. ದಿನಾ ಎರಡು ಲೋಟ ನೀರು ಅದಕ್ಕೆ ಮೀಸಲಿಡಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಇನ್ಸುಲಿನ್ ಮತ್ತೆ ಕರಗಿದ್ರೂ ಕೆಲಸಕ್ಕೆ ಬರಲ್ಲ, ಬಿಸಾಕಿ.

ಬಿಸಿಲು ಹೊಡೆದಾಗ

ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಹಿಡ್ಕೊಳ್ಳೋದು, ವಿಪರೀತ ಬೆವರು, ಇಷ್ಟಿದ್ರೆ ತಕ್ಷಣ ನೆರಳಿಗೆ ಕರ್ಕೊಂಡು ಬನ್ನಿ, ಮೈ ಒದ್ದೆ ಮಾಡಿ, ಓಆರ್‌ಎಸ್ ಕೊಡಿ, ಆ ದಿನ ಮತ್ತೆ ಬಿಸಿಲಿಗೆ ಬಿಡಬೇಡಿ.

ಆದ್ರೆ ಮಾತು ತೊದಲ್ತಿದ್ರೆ, ಹೆಸರು ಕೇಳಿದ್ರೆ, ಇದ್ಯಾವ ಊರು ಅಂತ ಕೇಳಿದ್ರೆ ಏನೇನೋ ಹೇಳಿದ್ರೆ, ಕುಡಿದವರ ತರ ತೂರಾಡಿದ್ರೆ, ಫಿಟ್ಸ್ ಬಂದ್ರೆ, ಎಚ್ಚರ ತಪ್ಪಿದ್ರೆ ಅದು ಸನ್‌ಸ್ಟ್ರೋಕ್. ಒಳಗಿನ ಕಾವು 104 ಫ್ಯಾರನ್‌ಹೀಟ್ ದಾಟಿರುತ್ತೆ, ಒಂದೊಂದು ನಿಮಿಷಕ್ಕೂ ಮಿದುಳು, ಕಿಡ್ನಿ ಬೇಯ್ತಿರ್ತವೆ. ಬೆವರು ಬರ್ತಿದೆಯಲ್ಲ, ಇದು ಸನ್‌ಸ್ಟ್ರೋಕ್ ಅಲ್ಲ ಅಂತ ಬಿಡಬೇಡಿ, ದುಡೀತಾ ಬಿದ್ದವರಿಗೆ ಬಹಳ ಸಲ ಬೆವರು ಇರುತ್ತೆ. ಒಬ್ಬರು 108ಕ್ಕೆ ಫೋನ್ ಮಾಡ್ಲಿ, ಉಳಿದವರು ಆ ಕ್ಷಣದಿಂದಲೇ ತಂಪು ಮಾಡೋಕೆ ಶುರು ಮಾಡಿ, ಗಾಡಿ ಬರಲಿ ಅಂತ ಕಾಯಬೇಡಿ. ಹೊಲದ ಪಕ್ಕ ದನ ನೀರು ಕುಡಿಯೋ ತೊಟ್ಟಿ ತುಂಬಿದ್ರೆ ಅದರಲ್ಲೇ ಕುತ್ತಿಗೆವರೆಗೆ ಕೂರಿಸಿ, ತಲೆ ಒಬ್ಬರು ಗಟ್ಟಿಯಾಗಿ ಹಿಡ್ಕೊಂಡಿರಬೇಕು. ತೊಟ್ಟಿ ಇಲ್ವಾ, ಬಟ್ಟೆ ಸಡಿಲಿಸಿ ಮೈಮೇಲೆಲ್ಲ ನೀರು ಸುರಿದು ಸೀರೆಯಲ್ಲೋ ಗೋಣಿಚೀಲದಲ್ಲೋ ಜೋರಾಗಿ ಗಾಳಿ ಹಾಕಿ, ಕುತ್ತಿಗೆ, ಕಂಕುಳ, ತೊಡೆ ಸಂದಿಗೆ ಐಸ್ ಅಥವಾ ತಣ್ಣೀರ ಬಟ್ಟೆ. ಇಲ್ಲಿ ನೀರಿನ ಲೆಕ್ಕ ನೋಡಬೇಡಿ, ಕುಡಿಯೋಕೆ ಇಟ್ಟ ಕೊಡಾನೂ ಸುರೀರಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಒಂದು ಹನಿನೂ ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತೆ, ಮಗ್ಗುಲಾಗಿ ಮಲಗಿಸಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡಲ್ಲ, ಈರುಳ್ಳಿ ತಿಕ್ಕೋದರಲ್ಲಿ ಟೈಮ್ ಹಾಳಾಗುತ್ತೆ ಅಷ್ಟೇ. ಗಾಡಿಯೊಳಗೆ ಹೋಗ್ತಾ ಹೋಗ್ತಾನೂ ನೀರು, ಗಾಳಿ ನಿಲ್ಲಿಸಬೇಡಿ.

ಸಿಕ್ಕ ನೀರು ಎಂಥದ್ದು

ಬರದಲ್ಲಿ ಬೋರಿನ ಆಳ ಹೆಚ್ಚಿದಂಗೆ ಫ್ಲೋರೈಡ್ ಸಿಗೋ ಸಾಧ್ಯತೆನೂ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದು ಕುಡಿಯೋಕೆ ಬೇಡ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ, ಕುಡಿಯೋದಕ್ಕೆ ಊರಿನ ಶುದ್ಧ ನೀರಿನ ಘಟಕದ್ದೇ ತನ್ನಿ, ಬೋರಿನದ್ದು ಬಳಕೆಗಿರಲಿ. ಟ್ಯಾಂಕರ್ ನೀರು, ಹಳ್ಳದ ಒರತೆ ನೀರಿನ ಕಥೆ ಬೇರೆ, ಅಲ್ಲಿ ಭಯ ಕಾಲರಾ, ಭೇದಿಯದ್ದು. ಪಟಿಕ ಆಡಿಸಿದ್ರೆ ಕೆಸರು ಕೂರುತ್ತೆ, ನೀರು ತಿಳಿ ಕಾಣುತ್ತೆ, ರೋಗಾಣು ಸಾಯಲ್ಲ. ಸೋಸಿ, ಚೆನ್ನಾಗಿ ಕುದಿಸಿ, ಇಲ್ಲಾ ಕ್ಲೋರಿನ್ ಮಾತ್ರೆ ಪಟ್ಟಿ ಮೇಲೆ ಬರೆದ ಅಳತೆಗೆ ಹಾಕಿ ಅರ್ಧ ಗಂಟೆ ಬಿಡಿ. ಬೆಳೆಗೆ ಹೊಡೆಯೋ ಔಷಧಿ, ಕೆಮಿಕಲ್ ಬಂದ ಡ್ರಮ್ಮಲ್ಲಿ ಎಷ್ಟೇ ತೊಳೆದ್ರೂ ಕುಡಿಯೋ ನೀರು ತುಂಬಬೇಡಿ. ತುಂಬಿಟ್ಟ ನೀರಿಗೆ ಮುಚ್ಚಳ ಬೇಕೇಬೇಕು, ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿ ಒಳಗೆ ಉಜ್ಜಿ ತೊಳೀರಿ, ಡೆಂಗಿ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡೋದು.

ಬತ್ತಿದ ಬಾವಿ ಹೂಳೆತ್ತೋಕೆ ಇಳಿಯೋರಿಗೆ ಕೈಮುಗಿದು ಹೇಳ್ತೀನಿ, ಒಳಗೆ ಗಾಳಿ ಕೆಟ್ಟಿರುತ್ತೆ, ಒಬ್ಬರು ಬಿದ್ರು ಅಂತ ಇನ್ನೊಬ್ಬರು ಇಳಿದು ಹಂಗೇ ಇಬ್ಬರು ಮೂವರು ಹೋಗಿಬಿಡ್ತಾರೆ. ದೀಪ ಇಳಿಸಿ ನೋಡಿದ್ವಿ, ಆರಲಿಲ್ಲ ಅಂತ ನಂಬಬೇಡಿ, ಎಲ್ಲಾ ವಿಷಗಾಳಿಗೂ ದೀಪ ಆರಲ್ಲ. ಡೀಸೆಲ್ ಎಂಜಿನ್ ಬಾವಿಯೊಳಗೆ ಇಟ್ಟು ಓಡಿಸಬೇಡಿ, ಅದರ ಹೊಗೆ ಕೊಲ್ಲುತ್ತೆ. ಯಾರಾದ್ರೂ ಒಳಗೆ ಬಿದ್ರೆ ಫೈರ್ ಬ್ರಿಗೇಡ್‌ಗೆ ಫೋನ್ ಮಾಡಿ, ನೀವು ಇಳೀಬೇಡಿ. ಫೇಲ್ ಆದ ಬೋರಿನ ಬಾಯಿಗೆ ಅವತ್ತೇ ಕ್ಯಾಪ್ ಹಾಕಿಸಿ, 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಕೂಸು ಬಿದ್ದು, ಸುಮಾರು 20 ಗಂಟೆ ಅಗೆದ ಮೇಲೆ ಜೀವಂತ ಸಿಕ್ತು, ಎಲ್ಲಾ ಮಕ್ಕಳಿಗೂ ಆ ಪುಣ್ಯ ಸಿಗಲ್ಲ.

ದನಕರು

ಎಚ್‌ಎಫ್, ಜೆರ್ಸಿಯಂಥ ವಿದೇಶಿ ತಳಿಗಳು ನಮ್ಮ ನಾಟಿ ತಳಿ ದೇವಣಿ, ಖಿಲಾರಿಯಷ್ಟು ಬಿಸಿಲು ತಡೆಯಲ್ಲ, ಬಾಯಿ ತೆರೆದು ತೇಕ್ತಾ ಜೊಲ್ಲು ಸುರಿಸಿದ್ರೆ ನೆರಳಿಗೆ ಕಟ್ಟಿ ಮೈಗೆ ನೀರು ಹಾಕಿ. ಅಕ್ಕಿ, ಬೇಳೆ ತೊಳೆದ ನೀರು ಚೆಲ್ಲದೆ ಮುಸುರೆಗೆ ಹಾಕಿ. ಮೇವು ಕಮ್ಮಿ ಇದ್ದಾಗ ಆಗೋ ದೊಡ್ಡ ಅನಾಹುತ ಜೋಳದ ಕುಡಿಯದ್ದು. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಕೂಳೆ ಒಂದು ಅಡ್ಡಮಳೆಗೆ ಚಿಗುರಿದ್ದರಲ್ಲಿ ಸೈನೈಡ್ ವಿಷ ಹುಟ್ಟುತ್ತೆ, ಹಸಿದ ದನ ನಾಲ್ಕು ಬಾಯಿ ಮೇಯ್ದ್ರೂ ಹೊಟ್ಟೆ ಉಬ್ಬರಿಸಿ, ಉಸಿರು ಸಿಕ್ಕದೆ ಸ್ವಲ್ಪ ಹೊತ್ತಲ್ಲೇ ಬೀಳುತ್ತೆ. ಹೂ ಬಿಡೋವರೆಗೆ ಹಸಿ ಜೋಳಕ್ಕೆ ಬಿಡಬೇಡಿ, ಕೊಯ್ದಿದ್ದನ್ನ ಚೆನ್ನಾಗಿ ಬಿಸಿಲಿಗೆ ಒಣಗಿಸಿಯೇ ಹಾಕಿ. ತಿಂದುಬಿಟ್ಟಿದ್ರೆ ಮನೆಮದ್ದು ಮಾಡ್ತಾ ಕೂರದೆ ತಕ್ಷಣ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಜೋಳ ತಿಂದಿದೆ ಅಂತ ಮೊದಲೇ ಹೇಳಿ, ಇದಕ್ಕೆ ಪಶುವೈದ್ಯರ ಹತ್ರ ಇಂಜೆಕ್ಷನ್ ಇದೆ, ಬೇಗ ಕೊಟ್ರೆ ಉಳಿಯುತ್ತೆ.