ವೇತನ ಮಿತಿಯಿರುವ ಲೀಗ್‌ನಲ್ಲಿ ಒಪ್ಪಂದಕ್ಕೆ ಮುನ್ನ

ದಾವಣಗೆರೆಯ ನಮ್ಮ ಬಳಗದಲ್ಲಿ ತಂಡ ಕಟ್ಟಿ ನಡೆಸುವ ಆನ್‌ಲೈನ್ ಕ್ರೀಡಾ ಮ್ಯಾನೇಜರ್ ಆಟವನ್ನು ಹೊಸದಾಗಿ ಆರಂಭಿಸಿರುವವರು ತಮ್ಮ ಲೀಗ್‌ನ ವೇತನ ಮಿತಿ (ತಂಡವೊಂದು ತನ್ನ ಆಟಗಾರರೆಲ್ಲರ ವೇತನಕ್ಕೆ ಖರ್ಚು ಮಾಡಬಹುದಾದ ಒಟ್ಟು ಹಣದ ಗಡಿ) ಯಾವ ಬಗೆಯದೆಂದು ಮೊದಲು ನಿಯಮಗಳಲ್ಲಿ ಓದಿಕೊಳ್ಳಬೇಕೆಂದು ಕೋರುತ್ತೇನೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಮಾದರಿಯಲ್ಲಿ ಮಿತಿಯನ್ನು ದಾಟುವಂತಿಲ್ಲ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಮಾದರಿಯಲ್ಲಿ ಕೆಲವು ವಿನಾಯಿತಿಗಳಡಿ ದಾಟಬಹುದಾದರೂ, ಅದಕ್ಕಿಂತ ಮೇಲಿನ ಮತ್ತೊಂದು ಗಡಿಯನ್ನು ಮೀರಿದ ತಂಡ ಹೆಚ್ಚುವರಿ ತೆರಿಗೆ ಕಟ್ಟಬೇಕಾಗುತ್ತದೆ.

ಎಲ್ಲರೂ ಎಡವುವುದು ತಾರಾ ಆಟಗಾರನ ವಿಷಯದಲ್ಲಿ. 2025ರ ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿಗಳ ಮಿತಿಯಿತ್ತು. ಲಖನೌ ತಂಡವು ರಿಷಭ್ ಪಂತ್ ಒಬ್ಬರಿಗೇ 27 ಕೋಟಿ, ಅಂದರೆ ಶೇಕಡ 22.5ರಷ್ಟನ್ನು ಕೊಟ್ಟಿದ್ದರಿಂದ, ಕನಿಷ್ಠ 18 ಜನರ ತಂಡದ ಉಳಿದವರೆಲ್ಲರನ್ನೂ 93 ಕೋಟಿಯೊಳಗೆ ಹೊಂದಿಸಬೇಕಾಯಿತು. ನಿಮ್ಮ ಆಟದಲ್ಲಿಯೂ ಇದೇ ಲೆಕ್ಕವನ್ನು, ಈ ಋತುವಿಗಷ್ಟೇ ಅಲ್ಲದೆ ಒಪ್ಪಂದ ಮುಗಿಯುವವರೆಗಿನ ಪ್ರತಿಯೊಂದು ಋತುವಿಗೂ ಬರೆದಿಟ್ಟುಕೊಳ್ಳಿ. ವಯಸ್ಸಾದಂತೆ ಆಟಗಾರನ ಕೌಶಲ ಕುಗ್ಗುತ್ತದೆ, ಸಹಿ ಹಾಕಿದ ವೇತನ ಮಾತ್ರ ಕುಗ್ಗುವುದಿಲ್ಲ; ಆದ್ದರಿಂದ ಹಿರಿಯ ಆಟಗಾರರಿಗೆ ಒಂದು ಋತುವಿನ ಒಪ್ಪಂದವೇ ಲೇಸೆಂಬುದು ನನ್ನ ಅಭಿಪ್ರಾಯ. (ಮೆಚ್ಚಿನ ಆಟಗಾರನೆಂಬ ಮೋಹ ಇಲ್ಲಿ ಬಹಳ ದುಬಾರಿ.)

ಗಾಯಾಳುವಿನ ಬದಲಿಗಾಗಿ ಸ್ವಲ್ಪ ಹಣವನ್ನು ಉಳಿಸಿಕೊಳ್ಳಿ. ಕೈಬಿಟ್ಟ ಆಟಗಾರನ ವೇತನವು ಮಿತಿಯ ಲೆಕ್ಕದಲ್ಲಿ ಮುಂದುವರಿಯುತ್ತದೆಯೇ ಎಂಬುದನ್ನು ಕೈಬಿಡುವ ಮುನ್ನವೇ ಪರಿಶೀಲಿಸಿಕೊಳ್ಳಿ.