ಹಿಡಿ ಅಕ್ಕಿ ಸೋತಿತು, ಬೊಗಸೆ ಜೋಳ ಗೆದ್ದಿತು

ನಮ್ಮದು ಧಾರವಾಡ ಕಡೆಯ ಸಣ್ಣ ಕ್ರೈಸ್ತ ಸಭೆ. 60 ಮನೆ ಇರಬಹುದು. ನಾನು ಖಜಾಂಚಿ. ಮಿಜೋರಾಮಿನ ಸಭೆಗಳಲ್ಲಿ ಹಿಡಿ ಅಕ್ಕಿ ಕಾಣಿಕೆ ಅಂತ ಒಂದಿದೆ. 1910ರಿಂದ ಅಲ್ಲಿನ ಹೆಣ್ಣುಮಕ್ಕಳು ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಸಭೆಗೆ ಎತ್ತಿಡುತ್ತಾರೆ. ನಾವೂ ಮಾಡೋಣ ಅಂದೆ. ಕಮಿಟಿಯಲ್ಲಿ ಹಿರಿಯರೊಬ್ಬರು ನಕ್ಕೇಬಿಟ್ಟರು. "ರೊಟ್ಟಿ ತಿನ್ನೋರ ಹತ್ರ ಅಕ್ಕಿ ಕೇಳ್ತೀಯಲ್ಲೋ ತಮ್ಮಾ!"

ಅವರ ಮಾತೇ ಸರಿಹೋಯಿತು. ಮನೆಗೊಂದು ಸ್ಟೀಲ್ ಡಬ್ಬಿ ಅಂತ ಏಳೆಂಟು ಸಾವಿರ ಕೈಯಿಂದ ಹೋಯಿತು. ಮೂರು ತಿಂಗಳಿಗೆ ಬಂದದ್ದು ಒಂದು ಚೀಲ. ನಾಲ್ಕು ಥರದ ಅಕ್ಕಿ ಕಲೆತು, ಮೇಲೆ ನುಸಿ ಬೇರೆ. ಅಂಗಡಿಯವನು ಮುಟ್ಟಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು, ಕೊಟ್ಟವರ ಹೆಸರು ಆರಾಧನೆಯಲ್ಲಿ ಓದಿಸಿದ್ದು. ಎರಡು ವಾರ ಕಾಣಿಕೆ ಏರಿತು. ನಾಲ್ಕನೇ ವಾರ ಐದು ಮನೆಯವರು ಗುಡಿಗೇ ಬರಲಿಲ್ಲ. ಅವರಲ್ಲಿ ಒಬ್ಬರು ಒಂಟಿ ಅಜ್ಜಿ. ಸಭಾಪಾಲಕರು ನನ್ನನ್ನು ಕರೆದು ಬೈಬಲಿನ ಎರಡನೇ ಕೊರಿಂಥ 9ನೇ ಅಧ್ಯಾಯ ತೆಗೆದರು. ಕಾಣಿಕೆಯನ್ನು ಬಲಾತ್ಕಾರದಿಂದ, ಅಂದರೆ ಒತ್ತಾಯಕ್ಕೆ, ಕೊಡಬಾರದು ಅನ್ನುವ ಏಳನೇ ವಚನದ ಮೇಲೆ ಬೆರಳಿಟ್ಟು ಸುಮ್ನೆ ಕೂತರು.

ಹೆಸರು ಓದುವುದು ನಿಂತಿತು. ಅಕ್ಕಿಯನ್ನೂ ಬಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸುವ ದಿನ ಒಂದು ಬೊಗಸೆ ತೆಗೆದಿಡಿ, ಮನಸ್ಸಿಲ್ಲದಿದ್ದರೆ ಬೇಡ ಅಂದೆ. ಅದೇ ಅಜ್ಜಿಯ ಮನೆಗೆ ಹೋಗಿ, "ಅಮ್ಮಾ, ಅಳತೆ ನೀವೇ ನೋಡ್ಕೋಬೇಕು" ಅಂದೆ. ಇನ್ನೂ ಒಂದೆರಡು ಮಾತು ಆಡಿದೆ, ಅವು ಇಲ್ಲಿ ಬೇಡ. ಮುಂದಿನ ಭಾನುವಾರ ಅವರು ತಮ್ಮ ಹಳೇ ಸೇರು ಹಿಡಿದೇ ಬಂದರು.

ನುಸಿಗೆ ಮೂರು ಡ್ರಮ್ಮಿನಲ್ಲಿ ಮೂರು ಪ್ರಯೋಗ ಮಾಡಿದೆ: ಬೂದಿ, ಒಣ ಮೆಣಸಿನಕಾಯಿ, ನೆರಳಲ್ಲಿ ಒಣಗಿಸಿದ ಬೇವಿನ ಎಲೆ. ಬೂದಿಯೇ ಗಟ್ಟಿ, ಆದರೆ ಅದನ್ನು ಬಿಡಿಸಲು ಮೊರದಲ್ಲಿ ಕೇರಿ ಕೇರಿ ಸೊಂಟ ಬಿತ್ತು. ಮೆಣಸಿನಕಾಯಿ ದಂಡ. ಈಗ ಬೇವೇ.

ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಹತ್ತಿರ ಬಂತು, ಮಾರಿದ್ದು 17,000 ಚಿಲ್ಲರೆ ರೂಪಾಯಿಗೆ. ಎಲ್ಲಿ ಮಾರಿದೆ ಅಂತ ಕೇಳಬೇಡಿ! ಖರ್ಚನ್ನು ಮಾತ್ರ ಗುಡಿ ಬಾಗಿಲ ಹತ್ತಿರದ ಕರಿಹಲಗೆಯಲ್ಲಿ ಪೈಸೆ ಬಿಡದೆ ಬರೆದೆ. ಹೆಂಚು ಇಷ್ಟು, ಹುಡುಗಿಯೊಬ್ಬಳ ಫೀಸು ಇಷ್ಟು, ನನ್ನ ಡಬ್ಬಿಯ ನಷ್ಟ ಕೂಡ. ಅದನ್ನೋದಿದ ಗೌಂಡಿಯೊಬ್ಬರು ಎರಡು ದಿನ ಕೂಲಿಯಿಲ್ಲದೆ ಬಂದು ಹೆಂಚು ಹೊದಿಸಿಕೊಟ್ಟರು. ಕರೆದವರು ಯಾರೂ ಇಲ್ಲ.

ನಕ್ಕ ಹಿರಿಯರು ಈಗ ಸ್ಕೂಟರಿನಲ್ಲಿ ಚೀಲ ತರುತ್ತಾರೆ. ಅಜ್ಜಿಯದು ಮಾತ್ರ ಜಾಸ್ತಿ ಕಟ್ಟುನಿಟ್ಟು. ಹೋದ ತಿಂಗಳು ನಮ್ಮ ಮನೆಯ ಜೋಳವನ್ನೇ ಕಲ್ಲಿದೆ ಅಂತ ವಾಪಸ್ ಕಳಿಸಿದರು.